ರೇಡಿಯಸ್ ಡೈಮೆನ್ಶನ್ ಗೆರೆ ಬೇಕಾದ ಕೋನದಲ್ಲೇ ನಿಲ್ಲಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯಸ್ ಡೈಮೆನ್ಶನ್ (ಸರ್ಕಲ್ ಅಥವಾ ಆರ್ಕ್, ಅಂದರೆ ಸರ್ಕಲ್‌ನ ತುಂಡು, ಅದರ ತ್ರಿಜ್ಯ ತೋರಿಸುವ ಬಾಣದ ಗೆರೆ ಮತ್ತು ಅಂಕಿ) ಹಾಕೋದು ಎರಡು ಕ್ಲಿಕ್‌ನ ಕೆಲಸ. ಆದರೆ ಆ ಗೆರೆ ಸರಿಯಾಗಿ 30ಕ್ಕೋ 45ಕ್ಕೋ ನಿಲ್ಲಬೇಕು ಅಂದ ಕೂಡಲೇ ಅನುಭವ ಇದ್ದವರೂ ತಡವರಿಸುತ್ತಾರೆ. ಹೊಸದಾಗಿ ಡ್ರಾಫ್ಟಿಂಗ್ ಕಲಿಯುವವರು, ಜೊತೆಗೆ ಕೆಲಸ ಮಾಡುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಹೆಚ್ಚಿನ ಉತ್ತರಗಳು ಆಟೋಕ್ಯಾಡ್ ಇಟ್ಟುಕೊಂಡು ಬರೆದವು. ಅದೇ ಥರ ನಡೆಯುವ ಬ್ರಿಕ್ಸ್‌ಕ್ಯಾಡ್, ಡ್ರಾಫ್ಟ್‌ಸೈಟ್ ಬಳಸುವವರಿಗೂ ಬಹುಪಾಲು ಹೊಂದುತ್ತವೆ. ಬೇರೆ ಸಾಫ್ಟ್‌ವೇರ್‌ಗಳ ಮಾತು ಕೊನೆಯ ಭಾಗದಲ್ಲಿದೆ.

## ಶುರುವಿನ ಪ್ರಶ್ನೆಗಳು

ರೇಡಿಯಸ್ ಡೈಮೆನ್ಶನ್‌ಗೆ ಕೋನ ಟೈಪ್ ಮಾಡೋ ಜಾಗವೇ ಕಾಣ್ತಿಲ್ಲ. ಎಲ್ಲಿದೆ ಅದು?

ಇಲ್ಲ. ಡೈಮೆನ್ಶನ್ ಸ್ಟೈಲ್‌ನಲ್ಲಿ ಹುಡುಕಿದರೂ ಸಿಗಲ್ಲ, ಪ್ರಾಪರ್ಟೀಸ್ ಪ್ಯಾಲೆಟ್‌ನಲ್ಲೂ ಸಿಗಲ್ಲ. ರೇಡಿಯಸ್ ಗೆರೆಯ ಕೋನ ಅನ್ನೋದನ್ನು ಸಾಫ್ಟ್‌ವೇರ್ ಬೇರೆಯಾಗಿ ಬರೆದಿಟ್ಟುಕೊಳ್ಳುವುದೇ ಇಲ್ಲ. ಅದು ಇಟ್ಟುಕೊಳ್ಳುವುದು ಎರಡು ಬಿಂದು: ಒಂದು ಸರ್ಕಲ್‌ನ ಸೆಂಟರ್, ಇನ್ನೊಂದು ಬಾಣದ ತುದಿ ಆರ್ಕ್ ಮುಟ್ಟುವ ಜಾಗ. ಈ ಎರಡನ್ನು ಸೇರಿಸುವ ದಿಕ್ಕೇ ಕೋನ. ನೀವು ಡಿಮ್‌ರೇಡಿಯಸ್ (DIMRADIUS) ಕಮಾಂಡ್ ಕೊಟ್ಟು, ಆರ್ಕ್ ಆರಿಸಿ, ಕೊನೆಗೆ ಒಂದು ಜಾಗ ಕ್ಲಿಕ್ ಮಾಡುತ್ತೀರಲ್ಲ, ಸೆಂಟರ್‌ನಿಂದ ಆ ಕ್ಲಿಕ್ ಕಡೆಗೆ ಯಾವ ದಿಕ್ಕೋ ಆ ದಿಕ್ಕಿಗೆ ಗೆರೆ ತಿರುಗುತ್ತದೆ.

ಅಂದರೆ ಕೋನ ಹಿಡಿಯಬೇಕಾದರೆ ಆ ಕೊನೆಯ ಕ್ಲಿಕ್ ಹಿಡಿಯಬೇಕು. ಇಷ್ಟು ಮನಸ್ಸಿಗೆ ಕೂತರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಕಮಾಂಡ್ ಒಳಗೇ ಆಂಗಲ್ ಅಂತ ಆಯ್ಕೆ ಇದೆಯಲ್ಲ? 45 ಕೊಟ್ಟೆ, ಬರೀ ಅಕ್ಷರ ಓರೆಯಾಯ್ತು, ಗೆರೆ ಕದಲಲೇ ಇಲ್ಲ.

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಆರ್ಕ್ ಆರಿಸಿದ ಮೇಲೆ ಕಮಾಂಡ್ ಲೈನ್‌ನಲ್ಲಿ ಎಂಟೆಕ್ಸ್ಟ್, ಟೆಕ್ಸ್ಟ್, ಆಂಗಲ್ ಅಂತ ಮೂರು ಆಯ್ಕೆ ಕಾಣುತ್ತವೆ. ಮೂರೂ ಅಕ್ಷರಕ್ಕೆ ಸಂಬಂಧಪಟ್ಟವು. ಅಲ್ಲಿರುವ ಆಂಗಲ್ ಅಂದರೆ ಅಂಕಿ ಎಷ್ಟು ಡಿಗ್ರಿ ಓರೆಯಾಗಿ ಕೂರಬೇಕು ಅಂತ ಅಷ್ಟೇ, ಗೆರೆಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆ ಹೆಸರು ನೋಡಿದರೆ ಯಾರಿಗಾದರೂ ಗೆರೆಯ ಕೋನ ಅಂತಲೇ ಅನಿಸುತ್ತದೆ, ಹಾಗಾಗಿ ನಿಮ್ಮ ತಪ್ಪೇನಿಲ್ಲ. ಈಗಾಗಲೇ ಹಾಗೆ ಓರೆಯಾಗಿರುವ ಡೈಮೆನ್ಶನ್ ಇದ್ದರೆ ಪ್ರಾಪರ್ಟೀಸ್‌ನ ಟೆಕ್ಸ್ಟ್ ಭಾಗದಲ್ಲಿ ಟೆಕ್ಸ್ಟ್ ರೊಟೇಶನ್ ಅನ್ನು 0 ಮಾಡಿ, ಸರಿಹೋಗುತ್ತದೆ.

ಕಣ್ಣಂದಾಜಿಗೆ ಇಟ್ಟರೆ ಸಾಲದಾ? ಯಾವ ಕೋನ ಒಳ್ಳೇದು?

ಒಂದೇ ಒಂದು ರೇಡಿಯಸ್ ಇರುವ ಡ್ರಾಯಿಂಗ್‌ಗೆ ಸಾಕು. ಹತ್ತು ಹನ್ನೆರಡು ಇದ್ದಾಗ ಒಂದು 41, ಇನ್ನೊಂದು 47, ಮತ್ತೊಂದು 38 ಅಂತ ನಿಂತರೆ ಓದುವವನ ಕಣ್ಣಿಗೆ ಕಿರಿಕಿರಿ. ಏನೋ ಬೇರೆ ಬೇರೆ ಅರ್ಥ ಇದೆ ಅಂತ ಅವನು ಅನುಮಾನಪಡುತ್ತಾನೆ.

ರೂಢಿಯಲ್ಲಿ ಬಂದಿರುವುದು 30, 45, 60. ಕೈಯಲ್ಲಿ ಡ್ರಾಯಿಂಗ್ ಮಾಡುವ ಕಾಲದಲ್ಲಿ ಎರಡೇ ಸೆಟ್‌ಸ್ಕ್ವೇರ್ ಇರುತ್ತಿದ್ದವು, ಒಂದು 45ರದ್ದು, ಇನ್ನೊಂದು 30-60ರದ್ದು. ಎರಡನ್ನೂ ಜೋಡಿಸಿದರೆ 15, 75 ಕೂಡ ಸಿಗುತ್ತಿತ್ತು. ಆ ಅಭ್ಯಾಸವೇ ಇವತ್ತಿಗೂ ಉಳಿದಿದೆ, ಓದೋದಕ್ಕೂ ಅದೇ ಹಿತ.

ಬೇಡವಾದ ಕೋನಗಳು ಇನ್ನೂ ಮುಖ್ಯ. 0, 90, 180, 270 ಬೇಡ, ಅಲ್ಲಿ ಸೆಂಟರ್ ಲೈನ್ ಹೋಗುತ್ತಿರುತ್ತದೆ, ಡೈಮೆನ್ಶನ್ ಗೆರೆ ಅದರ ಮೇಲೇ ಕೂತು ಎರಡೂ ಒಂದೇ ಆಗಿ ಕಾಣುತ್ತದೆ. ಸೆಕ್ಷನ್ ವ್ಯೂನಲ್ಲಿ ಹ್ಯಾಚ್, ಅಂದರೆ ಕತ್ತರಿಸಿದ ಭಾಗ ತೋರಿಸುವ ಒತ್ತಾದ ಓರೆ ಗೆರೆಗಳು, 45ರಲ್ಲಿ ಇದ್ದರೆ ರೇಡಿಯಸ್‌ಗೆ 45 ಬೇಡ. ಒಮ್ಮೆ ನಾನು ಹಾಕಿದ ಆರ್12ರ (ರೇಡಿಯಸ್ 12) ಗೆರೆ ಹ್ಯಾಚ್ ಗೆರೆಗಳ ನಡುವೆ ಪೂರ್ತಿ ಕರಗಿಹೋಗಿ, ವರ್ಕ್‌ಶಾಪ್‌ನವರು ಫೋನ್ ಮಾಡಿ "ಈ ಮೂಲೆಗೆ ರೇಡಿಯಸ್ಸೇ ಕೊಟ್ಟಿಲ್ಲವಲ್ಲ" ಅಂತ ಕೇಳಿದರು. ಅಂಕಿ ಇತ್ತು, ಬಾಣವೂ ಇತ್ತು, ಕಾಣಿಸಲಿಲ್ಲ ಅಷ್ಟೇ. ಅದನ್ನು 60ಕ್ಕೆ ತಿರುಗಿಸಿದ ಮೇಲೆ ಮತ್ತೆ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ಅಕ್ಷರವನ್ನು ಗೆರೆಯ ಜೊತೆಗೇ ಓರೆಯಾಗಿ ಬರೆಯುವ ಪದ್ಧತಿ ನಿಮ್ಮದಾದರೆ, ನೇರ ಮೇಲಿನಿಂದ ಎಡಕ್ಕೆ ಸುಮಾರು 30 ಡಿಗ್ರಿ, ಅಂದರೆ 90ರಿಂದ 120ರವರೆಗಿನ ಜಾಗ ತಪ್ಪಿಸಿ. ಅಲ್ಲಿ ಬರೆದ ಅಂಕಿ ಓದಲು ಕತ್ತು ತಿರುಚಬೇಕಾಗುತ್ತದೆ. ಅದರ ಎದುರಿನ ಜಾಗಕ್ಕೂ, 270ರಿಂದ 300ಕ್ಕೂ, ಇದೇ ಮಾತು.

ಕೋನವನ್ನು ಎಲ್ಲಿಂದ ಎಣಿಸಬೇಕು? ನಾನು 60 ಅಂದುಕೊಂಡದ್ದು ಬೇರೆ ಕಡೆ ಹೋಗ್ತಿದೆ.

ಮಾಮೂಲಿ ಸೆಟ್ಟಿಂಗ್‌ನಲ್ಲಿ ಬಲಗಡೆ ನೇರ ಅಡ್ಡ ದಿಕ್ಕು 0. ಅಲ್ಲಿಂದ ಗಡಿಯಾರದ ಮುಳ್ಳಿಗೆ ಎದುರಾಗಿ ಎಣಿಕೆ. ಮೇಲೆ 90, ಎಡಕ್ಕೆ 180, ಕೆಳಗೆ 270. ಮೇಲಿನ ಎಡ ಮೂಲೆಯ ನಡುವಿನ ದಿಕ್ಕು ಬೇಕಾದರೆ 135, ಕೆಳಗಿನ ಬಲಕ್ಕಾದರೆ 315 ಅಥವಾ ಮೈನಸ್ 45.

ಇದು ಹೊಂದದಿದ್ದರೆ ಎರಡು ಜಾಗ ನೋಡಿ. ಒಂದು ಯೂನಿಟ್ಸ್ ಕಮಾಂಡ್: ಸರ್ವೆ ಡ್ರಾಯಿಂಗ್‌ಗಳಲ್ಲಿ ಉತ್ತರ ದಿಕ್ಕನ್ನು 0 ಮಾಡಿ, ಎಣಿಕೆಯನ್ನು ಗಡಿಯಾರದ ದಿಕ್ಕಿಗೇ ತಿರುಗಿಸಿರುತ್ತಾರೆ. ಎರಡನೆಯದು ಯುಸಿಎಸ್, ಅಂದರೆ ಡ್ರಾಯಿಂಗ್‌ನ ಎಕ್ಸ್, ವೈ ಅಕ್ಷಗಳ ವ್ಯವಸ್ಥೆ. ಅದನ್ನು ಯಾರಾದರೂ ತಿರುಗಿಸಿಟ್ಟಿದ್ದರೆ ನಿಮ್ಮ 0 ಕೂಡ ಅದರ ಎಕ್ಸ್ ಅಕ್ಷದ ಜೊತೆ ತಿರುಗಿರುತ್ತದೆ. ಬೇರೆಯವರ ಫೈಲ್ ತೆರೆದಾಗ ನಾನು ಮೊದಲು ಮೂಲೆಯ ಯುಸಿಎಸ್ ಗುರುತು ನೋಡುತ್ತೇನೆ.

## ಕೋನ ಕರಾರುವಾಕ್ಕಾಗಿ ಬೇಕಾದಾಗ

ಸರಿಯಾಗಿ 60 ಡಿಗ್ರಿಗೇ ಗೆರೆ ಬೇಕು. ಅಂಕಿ ಕೊಟ್ಟು ಮಾಡೋ ದಾರಿ ಇದೆಯಾ?

ಇದೆ, ಫ್ರಮ್ ಅನ್ನೋ ಸಣ್ಣ ಸಹಾಯ ಇದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸರ್ಕಲ್‌ನ ಸೆಂಟರ್ 100,80ರಲ್ಲಿದೆ, ರೇಡಿಯಸ್ 25. ಅಂಕಿ ಸೆಂಟರ್‌ನಿಂದ 40 ದೂರದಲ್ಲಿ ಕೂರಲಿ.

ಡಿಮ್‌ರೇಡಿಯಸ್ ಕೊಡಿ, ಅದರ ಮೊಟಕು ಡಿಆರ್‌ಎ. ಸರ್ಕಲ್ ಆರಿಸಿ. ಗೆರೆ ಕರ್ಸರ್ ಜೊತೆ ಸುತ್ತಲು ಶುರುವಾಗುತ್ತದೆ. ಈಗ ಕ್ಲಿಕ್ ಮಾಡಬೇಡಿ. ಫ್ರಮ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಬೇಸ್ ಪಾಯಿಂಟ್ ಕೇಳುತ್ತದೆ, ಸೆಂಟರ್ ಸ್ನ್ಯಾಪ್ (ಕರ್ಸರ್ ಅನ್ನು ಸರಿಯಾಗಿ ಸೆಂಟರ್‌ಗೇ ಅಂಟಿಸುವ ಸೌಲಭ್ಯ) ಹಿಡಿದು ಅದೇ ಸರ್ಕಲ್‌ನ ಸೆಂಟರ್ ಕ್ಲಿಕ್ ಮಾಡಿ. ಆಮೇಲೆ @40<60 ಅಂತ ಕೊಟ್ಟು ಎಂಟರ್. ಮುಗೀತು. ಕ್ಲಿಕ್ ಮಾಡಬೇಕಿದ್ದ ಬಿಂದು 120,114.64ಕ್ಕೆ ಹೋಯಿತು, ಬಾಣದ ತುದಿ ಆರ್ಕ್ ಮೇಲೆ 112.5,101.65ರಲ್ಲಿ ನಿಂತಿತು. ಕೋನ ಸರಿಯಾಗಿ 60.

ಮುಂದಿನ @ ಗುರುತನ್ನು ಬಿಡಬೇಡಿ. ಅದಿಲ್ಲದೆ ಬರೀ 40<60 ಕೊಟ್ಟರೆ ಡ್ರಾಯಿಂಗ್‌ನ ಮೂಲಬಿಂದುವಿನಿಂದ ಲೆಕ್ಕ ಹಾಕಿ ಗೆರೆಯನ್ನು ಎಲ್ಲಿಗೋ ತಿರುಗಿಸಿಬಿಡುತ್ತದೆ. 40 ಅನ್ನೋ ದೂರ ಮಾತ್ರ ನಿಮ್ಮಿಷ್ಟ. ಅದು ಅಂಕಿ ಎಷ್ಟು ದೂರ ಕೂರಬೇಕು ಅನ್ನೋದಕ್ಕೆ, ಕೋನಕ್ಕೆ ಅದರಿಂದ ವ್ಯತ್ಯಾಸ ಇಲ್ಲ.

ಇಷ್ಟು ಟೈಪ್ ಮಾಡೋದು ಕಷ್ಟ. ಒಂದೇ ಡ್ರಾಯಿಂಗ್‌ನಲ್ಲಿ ಇಪ್ಪತ್ತು ರೇಡಿಯಸ್ ಇವೆ.

ಹಾಗಾದರೆ ಸಹಾಯಕ್ಕೆ ಗೆರೆ ಎಳೆದುಕೊಳ್ಳಿ. ಬೇರೆ ಲೇಯರ್ ಮಾಡಿ, ಅದಕ್ಕೆ ಪ್ರಿಂಟ್ ಆಗದ ಹಾಗೆ ಪ್ಲಾಟ್ ಆಫ್ ಮಾಡಿ. ಎಕ್ಸ್‌ಲೈನ್ (ಎರಡೂ ಕಡೆ ಕೊನೆಯಿಲ್ಲದ ಗೆರೆ) ಕಮಾಂಡ್‌ನಲ್ಲಿ ಆಂಗಲ್ ಆಯ್ಕೆ ಕೊಟ್ಟು 60 ಅಂತ ಹಾಕಿ, ಒಂದೊಂದೇ ಸೆಂಟರ್ ಮೇಲೆ ಕ್ಲಿಕ್ ಮಾಡುತ್ತಾ ಹೋಗಿ. ಒಂದೇ ಕಮಾಂಡ್‌ನಲ್ಲಿ ಇಪ್ಪತ್ತೂ ಬೀಳುತ್ತವೆ. ಆಮೇಲೆ ಡೈಮೆನ್ಶನ್ ಹಾಕುವಾಗ ನಿಯರೆಸ್ಟ್ ಸ್ನ್ಯಾಪ್ ಒಂದನ್ನೇ ಇಟ್ಟುಕೊಂಡು ಆ ಗೆರೆ ಮೇಲೆ ಎಲ್ಲಿ ಬೇಕೋ ಅಲ್ಲಿ ಕ್ಲಿಕ್ ಮಾಡಿ. ಬಿಂದು ಗೆರೆ ಮೇಲಿದ್ದರೆ ಕೋನ ತಪ್ಪೋದಕ್ಕೆ ಸಾಧ್ಯವೇ ಇಲ್ಲ.

ಒಂದೇ ಸೆಂಟರ್‌ಗೆ ಮೂರು ನಾಲ್ಕು ಸರ್ಕಲ್ ಇದ್ದಾಗ ಈ ದಾರಿ ಇನ್ನೂ ಚೆನ್ನ. 30, 45, 60ಕ್ಕೆ ಒಂದೊಂದು ಗೆರೆ ಎಳೆದು, ಒಳಗಿನದನ್ನು 30ಕ್ಕೆ, ನಡುವಿನದನ್ನು 45ಕ್ಕೆ, ಹೊರಗಿನದನ್ನು 60ಕ್ಕೆ ಇಟ್ಟರೆ ಬೀಸಣಿಗೆ ಬಿಚ್ಚಿದ ಹಾಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಯಾವ ಬಾಣ ಯಾವ ಸರ್ಕಲ್‌ದು ಅಂತ ಗೊಂದಲ ಇರಲ್ಲ. ಕೆಲಸ ಮುಗಿದ ಮೇಲೆ ಆ ಲೇಯರ್ ಫ್ರೀಜ್ ಮಾಡಿ, ಅಳಿಸಬೇಡಿ. ರಿವಿಷನ್ ಬಂದಾಗ ಮತ್ತೆ ಬೇಕಾಗುತ್ತದೆ.

ಆರ್ಥೊ ಆನ್ ಮಾಡಿದ್ದೇನೆ, ಪೋಲಾರ್ ಕೂಡ ಆನ್ ಇದೆ. ಆದರೂ ಗೆರೆ ಬೇಕಾಬಿಟ್ಟಿ ತಿರುಗುತ್ತೆ, ಯಾಕೆ?

ಆರ್ಥೊ (ಅಡ್ಡಕ್ಕೆ, ಮೇಲೆ-ಕೆಳಕ್ಕೆ ಮಾತ್ರ ಬಿಡುವುದು) ಆಗಲಿ ಪೋಲಾರ್ (ಗೊತ್ತುಮಾಡಿದ ಕೋನಗಳನ್ನು ಹಿಡಿಯುವುದು) ಆಗಲಿ ಹಿಂದಿನ ಒಂದು ಬಿಂದುವಿನಿಂದ ಕೋನ ಎಣಿಸುತ್ತವೆ. ರೇಡಿಯಸ್ ಕಮಾಂಡ್‌ನಲ್ಲಿ ನೀವು ಬಿಂದು ಕೊಟ್ಟಿಲ್ಲ, ಒಂದು ವಸ್ತುವನ್ನು ಆರಿಸಿದ್ದೀರಿ ಅಷ್ಟೇ. ಗೆರೆ ಸೆಂಟರ್‌ನಿಂದ ಹೊರಟ ಹಾಗೆ ಕಂಡರೂ ಅವಕ್ಕೆ ಹಿಡಿದುಕೊಳ್ಳಲು ಬಿಂದು ಸಿಕ್ಕಿರಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಆಬ್ಜೆಕ್ಟ್ ಸ್ನ್ಯಾಪ್ ಟ್ರ್ಯಾಕಿಂಗ್, ಎಫ್11. ಡ್ರಾಫ್ಟಿಂಗ್ ಸೆಟ್ಟಿಂಗ್ಸ್ ತೆರೆದು ಪೋಲಾರ್ ಟ್ಯಾಬ್‌ನಲ್ಲಿ ಹೆಚ್ಚಳದ ಕೋನ 15 ಇಡಿ. ಅದೇ ಟ್ಯಾಬ್‌ನಲ್ಲಿ ಬರೀ ನೇರ ದಿಕ್ಕುಗಳಲ್ಲಿ ಮಾತ್ರ ಟ್ರ್ಯಾಕ್ ಮಾಡು ಅಂತಲೋ, ಎಲ್ಲಾ ಪೋಲಾರ್ ಕೋನಗಳಲ್ಲೂ ಮಾಡು ಅಂತಲೋ ಎರಡು ಆಯ್ಕೆ ಇವೆ. ಎರಡನೆಯದನ್ನು ಆರಿಸಿ. ಇದನ್ನು ಬಿಟ್ಟರೆ 0 ಮತ್ತು 90ರಲ್ಲಿ ಮಾತ್ರ ಚುಕ್ಕಿಗೆರೆ ಬರುತ್ತದೆ, ನಮಗೆ ಬೇಡವಾದ ಕೋನಗಳೇ ಅವು. ಈಗ ಡೈಮೆನ್ಶನ್ ಹಾಕುವಾಗ ಕರ್ಸರ್ ಅನ್ನು ಸೆಂಟರ್ ಮೇಲೆ ಒಂದು ಕ್ಷಣ ನಿಲ್ಲಿಸಿ, ಕ್ಲಿಕ್ ಬೇಡ, ಸಣ್ಣ ಕೂಡಿಸುವ ಗುರುತು ಮೂಡುತ್ತದೆ. ಅಲ್ಲಿಂದ ಹೊರಕ್ಕೆ ಎಳೆದರೆ 15, 30, 45ಕ್ಕೆ ಬಂದಾಗಲೆಲ್ಲ ಚುಕ್ಕಿಗೆರೆ ಕಾಣುತ್ತದೆ. ಬೇಕಾದದ್ದು ಬಂದಾಗ ಕ್ಲಿಕ್. ಕೈ ಕೂರಲು ಒಂದೆರಡು ದಿನ ಬೇಕು, ಆಮೇಲೆ ಇದಕ್ಕಿಂತ ವೇಗದ ದಾರಿ ಇಲ್ಲ.

45ರ ಹತ್ತಿರ ಇಟ್ಟೆ, ಆದರೆ ಗೆರೆ ತಾನಾಗೇ ಬೇರೆ ಕಡೆ ಜಿಗಿಯಿತು.

ಆಸ್ನ್ಯಾಪ್, ಅಂದರೆ ಆಬ್ಜೆಕ್ಟ್ ಸ್ನ್ಯಾಪ್‌ನ ಕೆಲಸ ಅದು. ನೀವು ಅಂಕಿ ಇಡಲು ಹೋದ ಜಾಗದಲ್ಲಿ ಯಾವುದೋ ಗೆರೆಯ ತುದಿ ಇತ್ತು, ಎಂಡ್‌ಪಾಯಿಂಟ್ ಸ್ನ್ಯಾಪ್ ಅದನ್ನು ಹಿಡಿದುಕೊಂಡಿತು. ಸೆಂಟರ್‌ನಿಂದ ಆ ತುದಿಗೆ ಯಾವ ಕೋನವೋ ಅದೇ ನಿಮ್ಮ ರೇಡಿಯಸ್ ಗೆರೆಗೂ ಬಂತು. ಕೊನೆಯ ಕ್ಲಿಕ್‌ಗೆ ಮುಂಚೆ ಎಫ್3 ಒತ್ತಿ ಆಫ್ ಮಾಡಿ, ಇಲ್ಲವೇ ಆ ಒಂದು ಕ್ಲಿಕ್‌ಗೆ ಮಾತ್ರ ನನ್ (NON, ಸ್ನ್ಯಾಪ್ ಬೇಡ ಅಂತ) ಟೈಪ್ ಮಾಡಿ.

ಮೂಲೆಯ ಫಿಲೆಟ್‌ಗೆ (ದುಂಡಗೆ ಮಾಡಿದ ಮೂಲೆಗೆ) ಸರಿಯಾಗಿ ನಡುವೆ ಬಾಣ ಬೇಕು. ಆ ಮೂಲೆ 90 ಡಿಗ್ರಿ ಅಲ್ಲ.

ಚೌಕ ಮೂಲೆಯಾದರೆ ಲೆಕ್ಕ ಸುಲಭ, 45, 135, 225, 315ರಲ್ಲಿ ಒಂದು. ಓರೆ ಮೂಲೆಗೆ ಕೋನ ಲೆಕ್ಕ ಹಾಕುತ್ತಾ ಕೂರಬೇಡಿ. ಫಿಲೆಟ್ ಆರ್ಕ್‌ನ ಸೆಂಟರ್‌ನಿಂದ ಅದರ ಮಿಡ್‌ಪಾಯಿಂಟ್‌ಗೆ ಒಂದು ಗೆರೆ ಎಳೆಯಿರಿ, ಲೆಂಗ್ದನ್ ಕಮಾಂಡ್‌ನಿಂದ ಅದನ್ನು ಹೊರಗಡೆಗೆ 10 ಉದ್ದ ಮಾಡಿ, ಡೈಮೆನ್ಶನ್ ಹಾಕುವಾಗ ಅದರ ತುದಿ ಹಿಡಿಯಿರಿ. ಮಿಡ್‌ಪಾಯಿಂಟ್‌ನಲ್ಲೇ ನೇರವಾಗಿ ಕ್ಲಿಕ್ ಮಾಡಿದರೂ ಕೋನ ಸರಿ ಬರುತ್ತದೆ, ಆದರೆ ಅಂಕಿ ಆರ್ಕ್ ಮೇಲೇ ಬಂದು ಕೂರುತ್ತದೆ. ನೋಡಲು ಚೆನ್ನಾಗಿರಲ್ಲ.

ಒಂದೇ ಅಳತೆಯ ಫಿಲೆಟ್ ನಾಲ್ಕು ಮೂಲೆಯಲ್ಲೂ ಇದ್ದರೆ ಒಂದಕ್ಕೆ ಹಾಕಿ "4 ಕಡೆ" ಅಂತ ಮುಂದೆ ಬರೆದರೆ ಸಾಕು. ನಾಲ್ಕಕ್ಕೂ ಹಾಕಿ ಡ್ರಾಯಿಂಗ್ ತುಂಬಿಸೋದು ಬೇಡ.

ಈಗಾಗಲೇ ಹಾಕಿರುವ ಗೆರೆಯ ಕೋನ ಎಷ್ಟಿದೆ ಅಂತ ಹೇಗೆ ನೋಡೋದು?

ಡಿಸ್ಟ್ ಕಮಾಂಡ್ ಕೊಡಿ. ಮೊದಲ ಬಿಂದು ಸೆಂಟರ್. ಎರಡನೆಯದಕ್ಕೆ ನೋಡ್ ಸ್ನ್ಯಾಪ್ ಹಿಡಿದು ಬಾಣದ ತುದಿ. ಡೈಮೆನ್ಶನ್‌ನ ಅಳತೆ ಬಿಂದುಗಳನ್ನು ನೋಡ್ ಸ್ನ್ಯಾಪ್ ಹಿಡಿಯುತ್ತದೆ, ಇದು ಹಲವರಿಗೆ ಗೊತ್ತಿರಲ್ಲ. ಉತ್ತರದಲ್ಲಿ ದೂರದ ಜೊತೆ ಎಕ್ಸ್‌ವೈ ಸಮತಲದಲ್ಲಿನ ಕೋನವೂ ಬರುತ್ತದೆ. ಅಲ್ಲಿ ಬಂದ ದೂರ ರೇಡಿಯಸ್‌ಗೆ ಸಮ ಇರಬೇಕು. ಇಲ್ಲದಿದ್ದರೆ ನೀವು ಬೇರೆ ಬಿಂದು ಹಿಡಿದಿದ್ದೀರಿ.

## ಹಾಕಿದ ಮೇಲೆ ತಿದ್ದುವಾಗ

ಅಳಿಸಿ ಮತ್ತೆ ಹಾಕದೆ ಗೆರೆಯನ್ನು ತಿರುಗಿಸಬಹುದಾ?

ಖಂಡಿತ. ಡೈಮೆನ್ಶನ್ ಮೇಲೆ ಕ್ಲಿಕ್ ಮಾಡಿದರೆ ನೀಲಿ ಗ್ರಿಪ್‌ಗಳು (ಹಿಡಿದು ಎಳೆಯುವ ಸಣ್ಣ ಗುರುತುಗಳು) ಬರುತ್ತವೆ: ಸೆಂಟರ್‌ನಲ್ಲಿ ಒಂದು, ಬಾಣದ ತುದಿಯಲ್ಲಿ ಒಂದು, ಅಂಕಿಯ ಮೇಲೆ ಒಂದು. ಅಂಕಿಯ ಗ್ರಿಪ್ ಹಿಡಿದು ಎಳೆಯಿರಿ, ಗೆರೆ ಸೆಂಟರ್ ಸುತ್ತ ತಿರುಗುತ್ತದೆ. ಮೇಲೆ ಹೇಳಿದ ಸಹಾಯದ ಗೆರೆ ಇದ್ದರೆ ಅದರ ಮೇಲೆ ಬಿಡಿ.

ಬಾಣದ ತುದಿಯ ಗ್ರಿಪ್ ಮತ್ತು ಸೆಂಟರ್ ಗ್ರಿಪ್ ಮುಟ್ಟಬೇಡಿ. ಅವು ಅಳತೆಯ ಬಿಂದುಗಳು. ಅವನ್ನು ಎಳೆದರೆ ಆರ್ಕ್ ಜೊತೆಗಿನ ನಂಟು ಕಡಿದುಹೋಗಬಹುದು, ಆಮೇಲೆ ಆರ್ಕ್ ದೊಡ್ಡದು ಮಾಡಿದರೂ ಅಂಕಿ ಹಳೆಯದೇ ಉಳಿಯುತ್ತದೆ. ಇಂಥ ತಪ್ಪು ಕಣ್ಣಿಗೆ ಬೀಳೋದೇ ಇಲ್ಲ, ಅದಕ್ಕೇ ಅದು ಅಪಾಯ. ಅನುಮಾನ ಬಂದರೆ ಡಿಮ್‌ರೀಅಸೋಸಿಯೇಟ್ ಕೊಟ್ಟು ಮತ್ತೆ ಆರ್ಕ್‌ಗೆ ಕಟ್ಟಿ.

ಅಂಕಿ ಅಡ್ಡವಾಗಿ ಕೂತಿದ್ದರೆ ಇನ್ನೊಂದು ಎಚ್ಚರಿಕೆ. ಗ್ರಿಪ್ ಇರುವುದು ಅಂಕಿಯ ನಡುವೆ, ಆ ಜಾಗ ಓರೆ ಗೆರೆಯ ನೇರಕ್ಕೆ ಇರಲ್ಲ. ಹಾಗಾಗಿ ಗ್ರಿಪ್ ಅನ್ನು 60ರ ಗೆರೆ ಮೇಲೆ ಬಿಟ್ಟ ಮೇಲೂ ಡಿಸ್ಟ್‌ನಿಂದ ಒಮ್ಮೆ ನೋಡಿಕೊಳ್ಳಿ. ಪಕ್ಕಾ 60 ಬೇಕೇ ಬೇಕು ಅಂದರೆ ಹೊಸದಾಗಿ ಹಾಕೋದೇ ಮೇಲು.

ಅಂಕಿ ಎಳೆದರೆ ಅಂಕಿ ಮಾತ್ರ ಹೋಗುತ್ತೆ, ಗೆರೆ ಅಲ್ಲೇ ನಿಲ್ಲುತ್ತೆ. ಪಕ್ಕದವರ ಸಿಸ್ಟಂನಲ್ಲಿ ಎರಡೂ ಒಟ್ಟಿಗೆ ಹೋಗುತ್ತೆ!

ಡಿಮ್‌ಟಿಮೂವ್ ಅನ್ನೋ ವೇರಿಯಬಲ್‌ನ, ಅಂದರೆ ಸೆಟ್ಟಿಂಗ್‌ನ, ಬೆಲೆ ನಿಮ್ಮಿಬ್ಬರಲ್ಲಿ ಬೇರೆ ಬೇರೆ ಇದೆ ಅಷ್ಟೇ. 0 ಇದ್ದರೆ ಅಂಕಿಯ ಜೊತೆ ಗೆರೆಯೂ ಹೋಗುತ್ತದೆ. 1 ಇದ್ದರೆ ಅಂಕಿ ಹೋಗಿ ನಡುವೆ ಒಂದು ಲೀಡರ್ (ಅಂಕಿಯನ್ನು ಜೋಡಿಸುವ ಗೆರೆ) ಹುಟ್ಟುತ್ತದೆ. 2 ಇದ್ದರೆ ಅಂಕಿ ಒಂಟಿಯಾಗಿ ಹೋಗುತ್ತದೆ, ಲೀಡರ್ ಕೂಡ ಇರಲ್ಲ. ಕೋನ ತಿರುಗಿಸುವ ಕೆಲಸಕ್ಕೆ 0 ಬೇಕು. ಈ ಒಂದು ಡೈಮೆನ್ಶನ್‌ಗೆ ಮಾತ್ರ ಬೇಕಾದರೆ ಪ್ರಾಪರ್ಟೀಸ್‌ನ ಫಿಟ್ ಭಾಗದಲ್ಲಿ ಟೆಕ್ಸ್ಟ್ ಮೂವ್‌ಮೆಂಟ್ ಬದಲಿಸಿ. ಹೊಸ ಆವೃತ್ತಿಗಳಲ್ಲಿ ಅಂಕಿಯ ಗ್ರಿಪ್ ಮೇಲೆ ಕರ್ಸರ್ ನಿಲ್ಲಿಸಿದರೆ ಸಣ್ಣ ಮೆನು ಬರುತ್ತದೆ, ಅಲ್ಲೇ ಗೆರೆಯ ಜೊತೆ ಸರಿಸು ಅಂತ ಆರಿಸಬಹುದು.

ಗೆರೆ 60ರಲ್ಲಿದೆ, ಆದರೆ ಕೊನೆಗೆ ಒಂದು ಚಿಕ್ಕ ಅಡ್ಡ ಗೆರೆ ಬಂದು ಅಂಕಿ ಮಲಗಿದೆ. ಅದು ಬೇಡ.

ಅಂಕಿ ಹೊರಗಡೆ ಇದ್ದಾಗ ಅಡ್ಡವಾಗಿ ಬರೆ ಅಂತ ಸ್ಟೈಲ್ ಹೇಳುತ್ತಿದೆ, ಡಿಮ್‌ಟಿಓಎಚ್ ಆನ್ ಇದೆ ಅಂತ ಅರ್ಥ. ಸ್ಟೈಲ್‌ನ ಟೆಕ್ಸ್ಟ್ ಟ್ಯಾಬ್‌ನಲ್ಲಿ ಮೂರು ಆಯ್ಕೆ ಇವೆ: ಎಲ್ಲಾ ಅಡ್ಡ, ಎಲ್ಲಾ ಗೆರೆಯ ಜೊತೆ, ಮತ್ತು ಐಎಸ್‌ಓ ರೀತಿ. ಐಎಸ್‌ಓ ಆರಿಸಿದರೆ ಅಂಕಿ ಒಳಗಿದ್ದಾಗ ಗೆರೆಯ ಜೊತೆ, ಹೊರಗಿದ್ದಾಗ ಅಡ್ಡ. ಆ ಚಿಕ್ಕ ಗೆರೆ ಬೇಡವಾದರೆ ಗೆರೆಯ ಜೊತೆ ಅನ್ನೋದನ್ನು ಆರಿಸಿ.

ನನ್ನನ್ನು ಕೇಳಿದರೆ ಹೊರಗಿನ ಅಂಕಿ ಅಡ್ಡವಾಗಿರೋದೇ ಓದಲು ಸುಲಭ. ಮುಖ್ಯ ಸ್ಟೈಲ್ ಮುಟ್ಟದೆ ಅದರ ಕೆಳಗೆ ರೇಡಿಯಸ್‌ಗೆ ಮಾತ್ರ ಉಪ ಸ್ಟೈಲ್ ಮಾಡಬಹುದು. ಹೊಸ ಸ್ಟೈಲ್ ಮಾಡುವಾಗ ಯಾವುದಕ್ಕೆ ಅಂತ ಕೇಳುವಲ್ಲಿ ರೇಡಿಯಸ್ ಆರಿಸಿದರೆ ಆಯ್ತು. ಉಳಿದ ಉದ್ದಳತೆಗಳು ಹಾಗೇ ಇರುತ್ತವೆ.

ನನಗೆ ಸೆಂಟರ್‌ನಿಂದ ಗೆರೆ ಬೇಕು, ಬರೀ ಹೊರಗಿನ ತುಂಡು ಬರ್ತಿದೆ.

ಡಿಮ್‌ಟಿಓಎಫ್‌ಎಲ್ ಆನ್ ಮಾಡಿ. ಅಂಕಿ ಹೊರಗಿದ್ದರೂ ಒಳಗಿನ ಗೆರೆ ಎಳೆ ಅಂತ ಅದರ ಅರ್ಥ, ಸ್ಟೈಲ್‌ನ ಫಿಟ್ ಟ್ಯಾಬ್‌ನಲ್ಲಿ ಕೊನೆಯಲ್ಲಿ ಸಿಗುತ್ತದೆ. ಮೆಟ್ರಿಕ್ ಟೆಂಪ್ಲೇಟ್‌ನ ಐಎಸ್‌ಓ-25 ಸ್ಟೈಲ್‌ನಲ್ಲಿ ಮೊದಲೇ ಆನ್ ಇರುತ್ತದೆ, ಇಂಚಿನ ಸ್ಟ್ಯಾಂಡರ್ಡ್ ಸ್ಟೈಲ್‌ನಲ್ಲಿ ಆಫ್. ಎರಡು ಫೈಲ್‌ನಲ್ಲಿ ಎರಡು ಥರ ಬರೋದಕ್ಕೆ ಬಹುತೇಕ ಇದೇ ಕಾರಣ. ಸೆಂಟರ್ ಎಲ್ಲಿದೆ ಅನ್ನೋದು ಮುಖ್ಯವಾದ ಕಡೆ ಆನ್ ಇರಲಿ, ಸಣ್ಣ ಫಿಲೆಟ್‌ಗಳಿಗೆ ಆಫ್ ಇದ್ದರೆ ಚೊಕ್ಕಟ. ಏನೇ ಆದರೂ ಬಾಣ ಇರುವುದು ಆರ್ಕ್ ಕಡೆ ಮಾತ್ರ, ಸೆಂಟರ್ ಕಡೆ ಬಾಣ ಹಾಕುವ ಪದ್ಧತಿ ಇಲ್ಲ.

60ಕ್ಕೆ ಇಟ್ಟೆ, ಆದರೆ ಆರ್ಕ್ ಅಲ್ಲಿವರೆಗೆ ಬರೋದೇ ಇಲ್ಲ. ಒಂದು ಬಾಗಿದ ಗೆರೆ ತಾನಾಗಿ ಬಂತು.

ನಿಮ್ಮ ಆರ್ಕ್ 10ರಿಂದ 50 ಡಿಗ್ರಿವರೆಗೆ ಮಾತ್ರ ಇದೆ ಅಂದುಕೊಳ್ಳಿ. 60ರಲ್ಲಿ ಬಾಣಕ್ಕೆ ಮುಟ್ಟಲು ಏನೂ ಇಲ್ಲ. ಆಗ ಆರ್ಕ್‌ನ ದಾರಿಯಲ್ಲೇ ಒಂದು ಎಕ್ಸ್‌ಟೆನ್ಶನ್ ಗೆರೆ ಎಳೆದು ಬಾಣಕ್ಕೆ ಆಸರೆ ಕೊಡುತ್ತದೆ. ಪ್ರಾಪರ್ಟೀಸ್‌ನಲ್ಲಿ ಅದನ್ನು ಆಫ್ ಮಾಡಬಹುದು, ಆದರೆ ಆಗ ಬಾಣ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಇರಲಿ, ಇಲ್ಲದಿದ್ದರೆ ಕೋನವನ್ನು ಆರ್ಕ್ ಒಳಗೇ ತನ್ನಿ. 30 ಸರಿಹೋಗುತ್ತದೆ ಅಲ್ವಾ?

ಸ್ಕೇಲ್ ಬದಲಿಸಿದ ಕೂಡಲೇ ಜೋಡಿಸಿಟ್ಟ ಗೆರೆಗಳೆಲ್ಲ ಬೇರೆ ಕಡೆ ಕಾಣ್ತವೆ.

ಅವು ಅನೋಟೇಟಿವ್ ಡೈಮೆನ್ಶನ್‌ಗಳು. 1:10ಕ್ಕೆ ಒಂದು ಜಾಗ, 1:20ಕ್ಕೆ ಇನ್ನೊಂದು ಜಾಗ ಅಂತ ಪ್ರತಿ ಸ್ಕೇಲ್‌ಗೂ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತವೆ. ನೀವು ಒಂದು ಸ್ಕೇಲ್‌ನಲ್ಲಿ ಎಳೆದದ್ದು ಇನ್ನೊಂದಕ್ಕೆ ಹೋಗಲ್ಲ. ಸರಿಯಾಗಿರುವ ಸ್ಕೇಲ್‌ಗೆ ಬಂದು, ಅವನ್ನು ಆರಿಸಿ ಅನೋರೀಸೆಟ್ ಕೊಟ್ಟರೆ ಎಲ್ಲಾ ಸ್ಕೇಲ್‌ನಲ್ಲೂ ಈಗಿನ ಜಾಗಕ್ಕೇ ಬರುತ್ತವೆ.

## ಇನ್ನೂ ಮುಂದಿನ ಪ್ರಶ್ನೆಗಳು

ರೇಡಿಯಸ್ ತುಂಬಾ ದೊಡ್ಡದು, ಸೆಂಟರ್ ಹಾಳೆಯ ಆಚೆ ಇದೆ. ಕೋನ ಹೇಗೆ ಹಿಡಿಯೋದು?

ಇದಕ್ಕೆ ಡಿಮ್‌ಜಾಗ್ಡ್ ಇದೆ, ಆಟೋಕ್ಯಾಡ್ 2006ರಲ್ಲಿ ಬಂದದ್ದು. ಆರ್ಕ್ ಆರಿಸಿ, ಸೆಂಟರ್ ಇಲ್ಲಿದೆ ಅಂತ ಹಾಳೆಯ ಒಳಗೇ ಒಂದು ಹುಸಿ ಜಾಗ ತೋರಿಸಿ, ಗೆರೆಯ ಜಾಗ ಕೊಡಿ, ಕೊನೆಗೆ ಮುರಿತ ಎಲ್ಲಿ ಬರಬೇಕು ಅಂತ ಕೊಡಿ. ಇಲ್ಲಿ ಎರಡು ಕೋನ ಇವೆ, ಬೆರೆಸಬೇಡಿ. ಬಾಣದ ಕಡೆಯ ತುಂಡು ನಿಜವಾದ ಸೆಂಟರ್ ಕಡೆಗೇ ನೋಡುತ್ತಿರಬೇಕು, ಅಮೆರಿಕದ ಡ್ರಾಯಿಂಗ್ ಮಾನದಂಡ ಎಎಸ್‌ಎಂಇ ವೈ14.5 ಕೂಡ ಹಾಗೇ ಹೇಳುತ್ತದೆ. ಅದರ ದಿಕ್ಕು ನಿಮ್ಮ ಗೆರೆಯ ಜಾಗದಿಂದ ಬರುತ್ತದೆ. ನಡುವಿನ ಮುರಿದ ತುಂಡಿನ ಓರೆ ಮಾತ್ರ ಡಿಮ್‌ಜಾಗ್‌ಆಂಗ್ ಅನ್ನೋ ವೇರಿಯಬಲ್‌ನದ್ದು, 5ರಿಂದ 90 ಡಿಗ್ರಿವರೆಗೆ ಕೊಡಬಹುದು. ನಾನು 45 ಇಡುತ್ತೇನೆ. 90 ಇಟ್ಟರೆ ಮೆಟ್ಟಿಲಿನ ಹಾಗೆ ಕಂಡು, ಯಾರೋ ತಪ್ಪಾಗಿ ಎಳೆದ ಗೆರೆ ಅನಿಸುತ್ತದೆ.

ಯಾವಾಗಲೂ 30, 45, 60ಕ್ಕೆ ಮಾತ್ರ ಹೋಗೋ ಹಾಗೆ ಬೀಗ ಹಾಕಬಹುದಾ?

ರೇಡಿಯಸ್ ಡೈಮೆನ್ಶನ್‌ಗೆ ಅಂಥ ಬೀಗ ಇಲ್ಲ. ಮಲ್ಟಿಲೀಡರ್‌ಗೆ (ಟಿಪ್ಪಣಿ ಬರೆಯುವ ಬಾಣದ ಗೆರೆಗೆ) ಇದೆ. ಅದರ ಸ್ಟೈಲ್‌ನಲ್ಲಿ ಲೀಡರ್ ಸ್ಟ್ರಕ್ಚರ್ ಟ್ಯಾಬ್‌ಗೆ ಹೋಗಿ ಮೊದಲ ತುಂಡಿನ ಕೋನ 15 ಅಂತ ಕಟ್ಟಿಹಾಕಿದರೆ 15ರ ಹೆಜ್ಜೆಗಳಲ್ಲಿ ಮಾತ್ರ ತಿರುಗುತ್ತದೆ. ಹಾಗಂತ ಲೀಡರ್ ಸೆಂಟರ್ ಕಡೆ ನೋಡುತ್ತದೆ ಅನ್ನೋ ಖಾತ್ರಿ ಇಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು. ಮತ್ತೆ ಅಂಕಿ ಕೈಯಾರೆ ಬರೆಯಬೇಕು. ಕೈಯಾರೆ ಬರೆದ ಅಂಕಿಯನ್ನು ನಾನು ನಂಬಲ್ಲ. ಆರ್ಕ್ ಬದಲಾದಾಗ ಅದು ಬದಲಾಗಲ್ಲ. ಈ ದಾರಿಯೇ ಬೇಕಾದರೆ ಅಂಕಿಯ ಜಾಗದಲ್ಲಿ ಫೀಲ್ಡ್ (ಅಳತೆಯನ್ನು ಆರ್ಕ್‌ನಿಂದಲೇ ಓದಿಕೊಳ್ಳುವ ಬರಹ) ಹಾಕಿ, ಆಬ್ಜೆಕ್ಟ್ ಅಂತ ಆರಿಸಿ, ಆರ್ಕ್ ತೋರಿಸಿ, ರೇಡಿಯಸ್ ಗುಣ ತೆಗೆದುಕೊಳ್ಳಿ. ಆಗ ರೀಜನ್ ಮಾಡಿದಾಗ, ಅಂದರೆ ಡ್ರಾಯಿಂಗ್ ಅನ್ನು ಹೊಸದಾಗಿ ಮೂಡಿಸಿದಾಗ, ಹೊಸ ಅಳತೆ ಬರುತ್ತದೆ.

ಲಿಸ್ಪ್‌ನಲ್ಲಿ ಬರೆದರೆ ಎಲ್ಲಾ ಆರ್ಕ್‌ಗೂ ಒಂದೇ ಕೋನದಲ್ಲಿ ಹಾಕಬಹುದಲ್ವಾ?

ಹಾಕಬಹುದು, ಆಟೋಕ್ಯಾಡ್ ಒಳಗಿನ ಲಿಸ್ಪ್ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಸಾಕು. ಆರ್ಕ್‌ನ ಡೇಟಾದಲ್ಲಿ ಗ್ರೂಪ್ 10 ಸೆಂಟರ್, ಗ್ರೂಪ್ 40 ರೇಡಿಯಸ್. ಪೋಲಾರ್ ಫಂಕ್ಷನ್‌ಗೆ ಸೆಂಟರ್, ಕೋನ, ರೇಡಿಯಸ್‌ಗಿಂತ ಸ್ವಲ್ಪ ಜಾಸ್ತಿ ದೂರ ಕೊಟ್ಟರೆ ಬಿಂದು ಸಿಗುತ್ತದೆ. ಅದನ್ನು ಡಿಮ್‌ರೇಡಿಯಸ್ ಕಮಾಂಡ್‌ಗೆ ಕೊಡಿ. ಎರಡು ಕಡೆ ಎಲ್ಲರೂ ಎಡವುತ್ತಾರೆ. ಲಿಸ್ಪ್‌ಗೆ ಕೋನ ರೇಡಿಯನ್‌ನಲ್ಲಿ ಬೇಕು, 60 ಡಿಗ್ರಿ ಅಂದರೆ ಸುಮಾರು 1.0472. ಎರಡನೆಯದು, ಆಸ್‌ಮೋಡ್ (ಸ್ನ್ಯಾಪ್‌ಗಳ ಸೆಟ್ಟಿಂಗ್) ಅನ್ನು 0 ಮಾಡದೆ ಓಡಿಸಿದರೆ ಸ್ನ್ಯಾಪ್ ನಡುವೆ ಬಂದು ಬಿಂದುವನ್ನು ಪಕ್ಕಕ್ಕೆ ಎಳೆಯುತ್ತದೆ, ಹತ್ತರಲ್ಲಿ ಒಂದೆರಡು ಗೆರೆ ಓರೆಯಾಗಿ ಬಂದು ಕಾರಣವೇ ತಿಳಿಯಲ್ಲ. ಕೆಲಸ ಮುಗಿದ ಮೇಲೆ ಆಸ್‌ಮೋಡ್‌ನ ಹಳೆಯ ಬೆಲೆ ವಾಪಸ್ ಇಡೋದು ಮರೀಬೇಡಿ.

ಪ್ರೋಗ್ರಾಂನಿಂದ ಆಟೋಕ್ಯಾಡ್ ನಡೆಸುವ ಇನ್ನೊಂದು ದಾರಿ ಆಕ್ಟಿವ್‌ಎಕ್ಸ್, ಅದರಲ್ಲಿ ಆಡ್‌ಡಿಮ್‌ರೇಡಿಯಲ್ ಇದೆ. ಸೆಂಟರ್, ಆರ್ಕ್ ಮೇಲಿನ ಬಿಂದು, ಲೀಡರ್ ಉದ್ದ ಅಂತ ಮೂರೇ ಕೇಳುತ್ತದೆ, ಕೋನ ಎರಡನೆಯದರಲ್ಲೇ ಅಡಗಿದೆ. ತುಂಬಾ ಚೊಕ್ಕ. ಆದರೆ ಹಾಗೆ ಹುಟ್ಟಿದ ಡೈಮೆನ್ಶನ್ ಆರ್ಕ್‌ಗೆ ಕಟ್ಟಿಕೊಂಡಿರಲ್ಲ. ಡ್ರಾಯಿಂಗ್ ಮುಂದೆ ಬದಲಾಗುವಂಥದ್ದಾದರೆ ಕಮಾಂಡ್ ದಾರಿಯೇ ಇರಲಿ.

ಪೈಥಾನ್ ಬಳಸುವವರಿಗೆ ಈಝ್‌ಡಿಎಕ್ಸ್‌ಎಫ್ ಲೈಬ್ರರಿಯಲ್ಲಿ ರೇಡಿಯಸ್ ಡೈಮೆನ್ಶನ್ ಸೇರಿಸುವ ಫಂಕ್ಷನ್‌ಗೆ ಸೆಂಟರ್, ರೇಡಿಯಸ್ ಜೊತೆ ಕೋನವನ್ನೇ ನೇರವಾಗಿ ಡಿಗ್ರಿಯಲ್ಲಿ ಕೊಡಬಹುದು.

ಆಟೋಕ್ಯಾಡ್ ಬಿಟ್ಟು ಬೇರೆದರಲ್ಲಿ ಇಷ್ಟೇ ಕಷ್ಟನಾ?

ಇಲ್ಲ, ಕೆಲವದರಲ್ಲಿ ಇನ್ನೂ ಸಲೀಸು. ಲಿಬ್ರೆಕ್ಯಾಡ್‌ನಲ್ಲಿ ರೇಡಿಯಲ್ ಡೈಮೆನ್ಶನ್ ಕೊಟ್ಟು ಆರ್ಕ್ ಆರಿಸಿದ ಮೇಲೆ, ಜಾಗ ತೋರಿಸಿ ಅಥವಾ ಕೋನ ಕೊಡಿ ಅಂತ ಕೇಳುತ್ತದೆ. 60 ಅಂತ ಟೈಪ್ ಮಾಡಿ ಎಂಟರ್, ಅಷ್ಟೇ. ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ನಲ್ಲಿ ಇದು ಇದ್ದು, ದೊಡ್ಡದರಲ್ಲಿ ಇನ್ನೂ ಇಲ್ಲದಿರುವುದು ನನಗೆ ಬೇಸರದ ಸಂಗತಿ. ಸಾಲಿಡ್‌ವರ್ಕ್ಸ್‌ನಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಡೈಮೆನ್ಶನ್ಸ್ ಪುಟದಲ್ಲಿ ರೇಡಿಯಲ್ ಮತ್ತು ಡಯಾಮೀಟರ್ ಲೀಡರ್‌ಗೆ ಸ್ನ್ಯಾಪ್ ಕೋನ ಇಡಬಹುದು. ಅಲ್ಲಿ 15 ಇಟ್ಟರೆ ಎಳೆಯುವಾಗ 15ರ ಹೆಜ್ಜೆಯಲ್ಲೇ ಗೆರೆ ತಿರುಗುತ್ತದೆ.

ಡಯಾಮೀಟರ್ ಗೆರೆಗೂ ಇದೇ ಲೆಕ್ಕವಾ? ಐಸೊಮೆಟ್ರಿಕ್ ಸರ್ಕಲ್‌ಗೆ?

ಡಯಾಮೀಟರ್‌ಗೆ ಹೌದು, ಫ್ರಮ್, ಸಹಾಯದ ಗೆರೆ, ಟ್ರ್ಯಾಕಿಂಗ್ ಎಲ್ಲವೂ ಹಾಗೇ ನಡೆಯುತ್ತವೆ. ಅಲ್ಲಿ ಸಾಫ್ಟ್‌ವೇರ್ ಇಟ್ಟುಕೊಳ್ಳುವುದು ಸೆಂಟರ್ ಅಲ್ಲ, ಎದುರುಬದುರಿನ ಎರಡು ತುದಿ. ಹಾಗಾಗಿ 60ಕ್ಕೆ ಹಾಕಿದ್ದು 240ಕ್ಕೂ ಹಾಯುತ್ತದೆ, ಎರಡೂ ಕಡೆ ಜಾಗ ಖಾಲಿ ಇದೆಯಾ ನೋಡಿಕೊಂಡು ಕೋನ ಆರಿಸಿ.

ಐಸೊಮೆಟ್ರಿಕ್‌ನಲ್ಲಿ ಎಳೆದದ್ದು ಸರ್ಕಲ್ ಅಲ್ಲ, ಎಲಿಪ್ಸ್. ಡಿಮ್‌ರೇಡಿಯಸ್ ಅದನ್ನು ಒಪ್ಪೋದೇ ಇಲ್ಲ. ಅಲ್ಲಿ ಲೀಡರ್ ಎಳೆದು ಅಂಕಿ ಬರೆಯೋದೊಂದೇ ದಾರಿ. ಆ ಅಂಕಿಯನ್ನು ಮುಂಭಾಗದ ವ್ಯೂನಲ್ಲಿರುವ ನಿಜವಾದ ಸರ್ಕಲ್‌ನಿಂದ ನೋಡಿ ಬರೆಯಿರಿ. ಎಲಿಪ್ಸ್‌ನ ಉದ್ದ ಅಕ್ಷ ಅಳೆದು ಬರೆದರೆ ತಪ್ಪು ಬರುತ್ತದೆ.